ನಾಳೆಗೆ ಹೆಪ್ಪು

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ರೈಲು ಕ್ಯಾತ್ಸಂದ್ರ ದಾಟಿದ ಮೇಲೆ ಬ್ಯಾಗಿನಿಂದ ನೋಟ್‌ಬುಕ್ ತೆಗೆಯುತ್ತೇನೆ. ಸೋಲದೇವನಹಳ್ಳಿ ಬಂದಾಗ ಮುಚ್ಚುತ್ತೇನೆ. ನಡುವೆ ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ, ಮುದ್ದಲಿಂಗನಹಳ್ಳಿ, ದೊಡ್ಡಬೆಲೆ. ಮುಕ್ಕಾಲು ಗಂಟೆಗೆ ಒಂದಿಷ್ಟು ಹೆಚ್ಚು ಕಡಿಮೆ. ಸಿಗ್ನಲ್ ಸಿಗದೆ ರೈಲು ಎಲ್ಲಾದರೂ ನಿಂತರೆ ಬೋಗಿಯಲ್ಲಿ ಎಲ್ಲರೂ ವಾಚು ನೋಡಿಕೊಂಡು ಗೊಣಗುತ್ತಾರೆ. ನನಗೆ ಅದು ಕೇಳದೆ ಸಿಕ್ಕ ಹೊತ್ತು.

ತೊಡೆಯ ಮೇಲೆ ಊಟದ ಡಬ್ಬಿಯ ಚೀಲ, ಅದರ ಮೇಲೆ ನೋಟ್‌ಬುಕ್. ಅನ್ನ ಸಾರಿನ ಬಿಸಿ ನೋಟ್‌ಬುಕ್ಕಿನ ರಟ್ಟಿಗೆ ತಾಗಿ ಪುಟವೂ ಬೆಚ್ಚಗಾಗಿರುತ್ತದೆ. ಮೂರು ವರ್ಷದಿಂದ ನನ್ನ ಬರೆಯುವ ಮೇಜು ಇದೇ.

ಕಳೆದ ತಿಂಗಳು ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ಕೂತು, "ಮೇಡಂ, ನಾನೂ ಒಂದು ಕಾದಂಬರಿ ಶುರು ಮಾಡಿದ್ದೀನಿ. ಮೂರು ಅಧ್ಯಾಯ ಆಯ್ತು, ಆಮೇಲೆ ಕೂರೋಕೇ ಆಗ್ತಿಲ್ಲ. ನೀವು ಹೇಗೆ ಟೈಮ್ ಮಾಡ್ಕೋತೀರಿ?" ಎಂದು ಕೇಳಿದಳು. "ರೈಲಲ್ಲಿ ಬರೀತೀನಮ್ಮ" ಅಂದೆ. ಅವಳು ಪಿ.ಜಿ.ಯಲ್ಲಿ ಇರುವವಳು, ಆಫೀಸಿಗೆ ನಡೆದು ಬರುತ್ತಾಳೆ. ನನ್ನ ಉತ್ತರದಿಂದ ಅವಳಿಗೆ ಏನೂ ಸಿಗಲಿಲ್ಲ ಎನ್ನುವುದು ಅವಳ ಮುಖದಲ್ಲೇ ಕಾಣುತ್ತಿತ್ತು. ಆವತ್ತು ಕೊಡಬೇಕಾಗಿದ್ದ ಪೂರ್ತಿ ಉತ್ತರ ಇದು. ಸ್ವಲ್ಪ ಉದ್ದವಾಗುತ್ತದೆ.

ನಾನು ಬರೆಯುತ್ತಿರುವುದು ನನ್ನ ತಾಯಿಯ ತಾಯಿಯ ಕಥೆ. ತಿಪಟೂರಿನ ಹತ್ತಿರದ ಹಳ್ಳಿ, ತೆಂಗಿನ ತೋಟ, ದೊಡ್ಡ ಮನೆ. ಕಾದಂಬರಿಯಲ್ಲಿ ಅವಳ ಹೆಸರು ಸಿದ್ದಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಬೆಲೆ ಬಿದ್ದ ಒಂದು ವರ್ಷ ಮೈದುನರೆಲ್ಲ ಸಿಕ್ಕ ಬೆಲೆಗೆ ಕೊಬ್ಬರಿ ಮಾರೋಣ ಅಂದಾಗ, ತನ್ನ ಪಾಲಿನದನ್ನು ಅಟ್ಟದಿಂದ ಇಳಿಸುವುದಿಲ್ಲ ಎಂದು ಪಟ್ಟು ಹಿಡಿದು ಕೂತವಳು. ನಮ್ಮ ಕಡೆಯ ಉಂಡೆ ಕೊಬ್ಬರಿ ಆಗುವ ಬಗೆ ತಿಳಿಯದವರಿಗೆ ಒಂದು ಮಾತು: ಬಲಿತ ಕಾಯಿಯನ್ನು ಒಡೆಯದೆ ಅಟ್ಟದ ಮೇಲೆ ಹರಡಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನೇ ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡುತ್ತದೆ. ಆಮೇಲೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗೊಟಗೊಟ ಅನ್ನುತ್ತದೆ. ಅಜ್ಜಿ ರಾತ್ರಿ ಹೊತ್ತು ಬುಡ್ಡಿ ದೀಪ ಹಿಡಿದು ಅಟ್ಟ ಹತ್ತಿ ಒಂದೊಂದೇ ಕಾಯಿ ಅಲ್ಲಾಡಿಸಿ ನೋಡುತ್ತಿದ್ದಳಂತೆ. ಅಮ್ಮ ಹೇಳಿದ ಈ ಒಂದು ಚಿತ್ರ ನನ್ನನ್ನು ಹಿಡಿದುಕೊಂಡು 2019ರಲ್ಲಿ ಕಾದಂಬರಿಗೆ ಕೂರಿಸಿತು. ಆಗ ಏನೂ ಯೋಚಿಸಿರಲಿಲ್ಲ. ಕಥೆ ಗೊತ್ತಿದೆ, ಭಾಷೆ ಗೊತ್ತಿದೆ, ಹೊತ್ತು ಹೊಂದಿಸಿಕೊಂಡರೆ ಆಯಿತು ಅಂದುಕೊಂಡಿದ್ದೆ.

ಹೊತ್ತು ಹೊಂದಿಸುವುದು ಅಂದರೆ ಬೆಳಗಿನ ಜಾವ ಏಳುವುದು ಎಂದೇ ಎಲ್ಲರೂ ಹೇಳುತ್ತಾರೆ. ಜಪಾನಿನ ಹರುಕಿ ಮುರಕಾಮಿ ಕಾದಂಬರಿ ಬರೆಯುವ ದಿನಗಳಲ್ಲಿ ನಾಲ್ಕು ಗಂಟೆಗೆ ಎದ್ದು ಐದಾರು ಗಂಟೆ ಬರೆಯುತ್ತಾರೆ ಎಂದು ಓದಿದ್ದೆ. ಅಮೆರಿಕದ ಟೋನಿ ಮಾರಿಸನ್ ಎರಡು ಪುಟ್ಟ ಗಂಡುಮಕ್ಕಳನ್ನೂ ಪ್ರಕಾಶನ ಸಂಸ್ಥೆಯ ಕೆಲಸವನ್ನೂ ನಿಭಾಯಿಸಿಕೊಂಡು, ಮಕ್ಕಳು ಏಳುವ ಮುಂಚೆ ಬರೆಯುತ್ತಿದ್ದರು ಎನ್ನುವುದು ನನಗೆ ಇನ್ನೂ ಹತ್ತಿರವಾಗಿತ್ತು. ನಾನೂ ನಾಲ್ಕಕ್ಕೆ ಅಲಾರಂ ಇಟ್ಟೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಗಳ ಓದುವ ಮೇಜಿಗೆ ಕೂತೆ. ಮೊದಲ ಮೂರು ದಿನ ಚೆನ್ನಾಗಿಯೇ ಬಂತು.

ನಾಲ್ಕನೆಯ ದಿನ ನಲ್ಲಿಗೆ ನೀರು ಬಂತು. ತುಮಕೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ನಮ್ಮ ಬೀದಿಗೆ ದಿನಾ ಬರುವುದಿಲ್ಲ. ಬಂದ ದಿನ ಸಂಪು ತುಂಬಿಸಬೇಕು, ಮೋಟರ್ ಹಾಕಬೇಕು, ಕುಡಿಯುವ ನೀರು ಬೇರೆ ಹಿಡಿಯಬೇಕು. ನಲ್ಲಿಯ ಗಾಳಿ ಬುಸ್ ಎನ್ನುವ ಸದ್ದು ಕೇಳಿದ ಮೇಲೆ ಮೇಜಿನ ಮುಂದೆ ಯಾರು ಕೂರುತ್ತಾರೆ? ನೀರು ಬಾರದ ದಿನವೂ ಕಿವಿ ಅತ್ತಲೇ ಇರುತ್ತಿತ್ತು. ಬೆಳಗಿನ ಜಾವ ಮನೆ ನಿಶ್ಶಬ್ದವಾಗಿತ್ತು ನಿಜ, ಆದರೆ ನನ್ನ ತಲೆಯೊಳಗೆ ಆ ದಿನದ ಕೆಲಸಗಳೆಲ್ಲ ಸಾಲುಗಟ್ಟಿ ನಿಂತುಬಿಡುತ್ತಿದ್ದವು. ಉದ್ದಿನಬೇಳೆ ನೆನೆಹಾಕಿದ್ದೇನಾ, ಮಗಳ ಯೂನಿಫಾರಂ ಇಸ್ತ್ರಿ ಆಗಿದೆಯಾ, ಏಳೂಕಾಲಕ್ಕೆ ಸ್ಟೇಷನ್ನು. ಹತ್ತೊಂಬತ್ತು ದಿನ ಹಾಗೆ ಎದ್ದೆ. ನಾನು ಲೆಕ್ಕಪತ್ರ ವಿಭಾಗದವಳು. ತಿಂಗಳ 11ಕ್ಕೂ 20ಕ್ಕೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡುವು. ಆ ತಿಂಗಳ 20ರಂದು ನಿದ್ದೆಗಣ್ಣಿನಲ್ಲಿ ಒಂದು ಅಂಕಿ ತಪ್ಪು ಹಾಕಿದೆ. ತಪ್ಪು ಸರಿಪಡಿಸಿದ್ದಾಯಿತು, ಆದರೆ ಮರುದಿನ ಅಲಾರಂ ಇಡುವ ಮನಸ್ಸಾಗಲಿಲ್ಲ.

ಬೆಳಗಿನ ಜಾವದ ಬರವಣಿಗೆ ತಪ್ಪು ಎಂದು ಹೇಳುತ್ತಿಲ್ಲ. ಆ ಹೊತ್ತು ಯಾರಿಗೆ ದಕ್ಕುತ್ತದೋ ಅವರು ಪುಣ್ಯವಂತರು. ನನ್ನ ಮನೆಯ ಬೆಳಗಿನ ಜಾವ ಖಾಲಿ ಇರಲಿಲ್ಲ, ನಾನು ಅದನ್ನು ಖಾಲಿ ಎಂದು ಭಾವಿಸಿದ್ದೆ.

ಆಮೇಲೆ 2020. ಆಫೀಸು ಮನೆಗೇ ಬಂತು. ರೈಲಿನ ಎರಡು ಮೂರು ಗಂಟೆ ಉಳಿಯುತ್ತದೆ, ಈಗಲಾದರೂ ಬರೆಯಬಹುದು ಎಂದು ಸಂತೋಷಪಟ್ಟೆ. ಆ ನವೆಂಬರಿನಲ್ಲಿ, ಅಮೆರಿಕದಲ್ಲಿ 1999ರಲ್ಲಿ ಶುರುವಾದ ಒಂದು ಪದ್ಧತಿಯನ್ನು ಹಿಡಿದೆ: ನವೆಂಬರ್ ತಿಂಗಳ 30 ದಿನದಲ್ಲಿ 50,000 ಪದ ಬರೆಯುವುದು. ದಿನಕ್ಕೆ 1,667 ಪದ. ಏಳು ದಿನಕ್ಕೆ ಕೈ ಸೋತಿತು. ಯಾಕೆ ಸೋತಿತು ಎಂದು ಆಗ ಗೊತ್ತಾಗಲಿಲ್ಲ, ನನ್ನಲ್ಲೇ ಏನೋ ಕೊರತೆ ಎಂದು ಕೊರಗಿದೆ. ತುಂಬ ದಿನ ಆದಮೇಲೆ ಲೆಕ್ಕದ ಬುದ್ಧಿ ಕೆಲಸಕ್ಕೆ ಬಂತು. ಆ 1,667 ಇಂಗ್ಲಿಷಿನ ಪದಗಳು. ನಮ್ಮ ಕನ್ನಡದಲ್ಲಿ "ಮನೆಯಲ್ಲಿರುವವರಿಗೆ" ಎನ್ನುವುದು ಒಂದೇ ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಐದಾರು ಪದ ಬೇಕು. "ಬರೆಯಬೇಕಾಗಿತ್ತಲ್ಲ" ಒಂದು ಪದ. "ಹೋಗಬಾರದಾಗಿತ್ತೇನೋ" ಒಂದು ಪದ. ವಿಭಕ್ತಿ, ಕಾಲ, ಅನುಮಾನ, ಪಶ್ಚಾತ್ತಾಪ ಎಲ್ಲವನ್ನೂ ಒಂದೇ ಪದದ ಬಾಲಕ್ಕೆ ಕಟ್ಟುವ ಭಾಷೆ ನಮ್ಮದು. ಇಂಗ್ಲಿಷಿನ ಅಳತೆಪಟ್ಟಿ ಹಿಡಿದು ಕನ್ನಡದಲ್ಲಿ ಬರೆಯಹೊರಟವರು ತಮಗೆ ಗೊತ್ತಿಲ್ಲದೆ ಇನ್ನಷ್ಟು ಭಾರ ಹೊರುತ್ತಾರೆ. ಹೊಸದಾಗಿ ಬರೆಯುವವರಿಗೆ ನಾನು ಇದೊಂದನ್ನು ಖಂಡಿತವಾಗಿ ಹೇಳುತ್ತೇನೆ: ಪದ ಎಣಿಸಬೇಡಿ. ಎಣಿಸಲೇಬೇಕಾದರೆ ಪುಟ ಎಣಿಸಿ, ಅಥವಾ ಒಂದು ಸನ್ನಿವೇಶ ಮುಗಿಯಿತೇ ನೋಡಿ.

ಆ ವರ್ಷಗಳಲ್ಲಿ ನನ್ನ ಗಮನ ಕದ್ದದ್ದು ನಲ್ಲಿ ನೀರಲ್ಲ, ಗಡುವಲ್ಲ, ಮನೆಯವರೂ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕನ್ನಡದಲ್ಲಿ ಬರೆಯಲು ಹೊರಟ ಎಷ್ಟೋ ಗೆಳತಿಯರಿಗೆ ಆಗುತ್ತಿರುವುದು ಇದೇ.

2021ರ ಒಂದು ರಾತ್ರಿ ಅಜ್ಜಿ ಅಟ್ಟ ಹತ್ತುತ್ತಿದ್ದ ಚಿತ್ರವನ್ನು ಫೇಸ್‌ಬುಕ್ಕಿನಲ್ಲಿ ಬರೆದು ಹಾಕಿದೆ. ಮೂರು ಪ್ಯಾರಾ ಇರಬಹುದು. ಬೆಳಗಾಗುವುದರೊಳಗೆ ನೂರಾರು ಜನ ಮೆಚ್ಚಿದ್ದರು. "ಕಣ್ಣು ತುಂಬಿ ಬಂತು", "ನಮ್ಮಜ್ಜಿ ನೆನಪಾದರು", "ಪುಸ್ತಕ ಯಾವಾಗ?" ಒಂದೊಂದು ಮಾತೂ ಮನಸ್ಸಿಗೆ ತಂಪೆರೆದಿತು. ಬರೆದವರು ಪ್ರೀತಿಯಿಂದಲೇ ಬರೆದಿದ್ದರು, ಅವರ ಮೇಲೆ ನನಗೆ ಕೃತಜ್ಞತೆ ಇದೆ. ಆದರೆ ಆ ವಾರ ಕಾದಂಬರಿಯ ಆ ಅಧ್ಯಾಯಕ್ಕೆ ಕೂತರೆ ಒಂದು ಸಾಲೂ ಹುಟ್ಟಲಿಲ್ಲ. ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಕೇಳಬೇಕಾದವರು ಕೇಳಿ ಬೆನ್ನು ತಟ್ಟಿ ಹೋಗಿದ್ದರು. ನನ್ನ ಹಸಿವು ತೀರಿತ್ತು, ಪುಸ್ತಕ ಹಸಿದೇ ಇತ್ತು. ಆಮೇಲೆ ಇನ್ನೊಂದು ಬರೆದೆ, ಅಮ್ಮನ ಬಾಣಂತನದ ಬಗ್ಗೆ. ಇನ್ನೊಂದು ತೋಟದ ಬಾವಿಯ ಬಗ್ಗೆ. ಹೀಗೆ ಒಂದು ವರ್ಷದಲ್ಲಿ ಕಾದಂಬರಿಯ ಎಂಟೊಂಬತ್ತು ಜೀವಂತ ಚಿತ್ರಗಳನ್ನು ಒಂದೊಂದಾಗಿ ಕಿತ್ತು ಹಂಚಿಬಿಟ್ಟೆ. ದಿನಾ ಬರೆಯುತ್ತಿದ್ದೆ, ದಿನಾ ಮೆಚ್ಚುಗೆ ಬರುತ್ತಿತ್ತು, ಕಾದಂಬರಿ ಮಾತ್ರ ಒಂದು ಪುಟವೂ ಬೆಳೆಯಲಿಲ್ಲ.

ಫೋನಿನಲ್ಲಿ ಬರುವ ರೀಲ್ಸು, ವಾಟ್ಸಾಪ್ ಗುಂಪುಗಳು, ಸೀರಿಯಲ್ಲು, ಇವೆಲ್ಲ ಗಮನ ಕೆಡಿಸುತ್ತವೆ ಎಂದು ಎಲ್ಲರಿಗೂ ಗೊತ್ತು. ಅವುಗಳಿಂದ ಏಳುವಾಗ ಹೊತ್ತು ಹಾಳಾಯಿತು ಎಂಬ ಅರಿವಾದರೂ ಇರುತ್ತದೆ. ಬರೆದು ಹಾಕಿ ಮೆಚ್ಚುಗೆ ಪಡೆಯುವುದರಲ್ಲಿ ಆ ಅರಿವು ಹುಟ್ಟುವುದಿಲ್ಲ. ಅಲ್ಲಿ ಬರವಣಿಗೆಯೇ ಬರವಣಿಗೆಯ ದಾರಿಗೆ ಅಡ್ಡ ನಿಲ್ಲುತ್ತದೆ. ಚಿಕ್ಕ ಬರಹವೇ ಗುರಿಯಾಗಿದ್ದವರಿಗೆ ಅದು ಒಳ್ಳೆಯ ಜಾಗ. ಕಾದಂಬರಿಗೆ ಮಾತ್ರ ಮೌನ ಬೇಕು. ವರ್ಷಗಟ್ಟಲೆ ಯಾರಿಗೂ ತೋರಿಸದೆ ಇಟ್ಟುಕೊಳ್ಳುವ ಗಟ್ಟಿತನ ಬೇಕು, ಅದನ್ನು ರೂಢಿಸಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

2022ರ ಜೂನ್‌ನಲ್ಲಿ ಆಫೀಸು ಮತ್ತೆ ಕರೆಯಿತು. ತಿಂಗಳ ಪಾಸು ಮಾಡಿಸಿದೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್, ದಿನಾ ಹೋಗಿ ಬರುವವರು ಸಾವಿರಾರು ಜನ. ಮಹಿಳೆಯರ ಬೋಗಿ ಒಂದು ಬೇರೆಯೇ ಲೋಕ. ಒಬ್ಬರು ಬೆಳ್ಳುಳ್ಳಿ ಸುಲಿಯುತ್ತಾರೆ, ಇನ್ನೊಬ್ಬರು ಅವರೆಕಾಯಿ ಬಿಡಿಸುತ್ತಾರೆ, ಕಾಲೇಜು ಹುಡುಗಿಯರು ನೋಟ್ಸ್ ಓದುತ್ತಾರೆ, ನಿದ್ದೆ ಪೂರೈಸಿಕೊಳ್ಳುವವರು ಕಿಟಕಿಗೆ ತಲೆ ಒರಗಿಸುತ್ತಾರೆ. ಆಯುಧ ಪೂಜೆಗೆ ಎಲ್ಲರೂ ಸೇರಿ ಬಾಗಿಲಿಗೆ ಬಾಳೆಕಂದು ಕಟ್ಟುತ್ತೇವೆ. ಮೊದಲ ಕೆಲವು ವಾರ ನಾನೂ ಫೋನು ನೋಡಿಕೊಂಡು ಹೋಗುತ್ತಿದ್ದೆ. ಒಂದು ದಿನ ಚಾರ್ಜ್ ಇರಲಿಲ್ಲ. ದಾಬಸ್‌ಪೇಟೆ ದಾಟಿ ಶಿವಗಂಗೆ ಬೆಟ್ಟ ಕಾಣುವ ಹೊತ್ತಿಗೆ, ಕಿಟಕಿಯಾಚೆ ತೆಂಗಿನ ಸಾಲು ಹಿಂದೆ ಸರಿಯುತ್ತಿರುವಾಗ, ಎಷ್ಟೋ ದಿನದಿಂದ ಮಾತಾಡದ ಸಿದ್ದಮ್ಮ ಮಾತಾಡಿದಳು. ಮೈದುನನಿಗೆ ಅವಳು ಹೇಳಬೇಕಾದ ಒಂದು ಮಾತು. ಆಫೀಸಿನ ಒಂದು ಹಳೆಯ ವೋಚರ್ ಬ್ಯಾಗಿನಲ್ಲಿತ್ತು, ಅದರ ಹಿಂಬದಿಗೆ ಬರೆದುಕೊಂಡೆ.

ಆ ದಿನ ಒಂದು ಸಂಗತಿ ಹೊಳೆಯಿತು. ಅಡುಗೆ ಮುಗಿದಿದೆ, ಮಗಳು ಸ್ಕೂಲಿಗೆ ಹೊರಟಿದ್ದಾಳೆ, ಆಫೀಸು ಇನ್ನೂ ಶುರುವಾಗಿಲ್ಲ. ಮನೆಗೆ ಬೇಕೆಂದರೂ ನಾನು ಸಿಗುವುದಿಲ್ಲ, ಆಫೀಸಿಗೆ ಬೇಕೆಂದರೂ ಸಿಗುವುದಿಲ್ಲ. ನಾಲ್ಕು ಗಂಟೆಯ ನಿಶ್ಶಬ್ದದಲ್ಲಿ ಸಿಗದ ಏಕಾಂತ ಈ ಗಲಾಟೆಯೊಳಗೆ ಇತ್ತು. ನಾನು ಹೊತ್ತು ಹುಡುಕುತ್ತಿದ್ದೆ. ನನಗೆ ಬೇಕಾಗಿದ್ದದ್ದು ಯಾರೂ ನನ್ನಿಂದ ಏನನ್ನೂ ನಿರೀಕ್ಷಿಸದ ಒಂದು ಜಾಗ.

ಆಮೇಲೆ ಓದುವಾಗ ಗೊತ್ತಾಯಿತು, ಇದೇನೂ ಹೊಸದಲ್ಲ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಆಂಟನಿ ಟ್ರೋಲಪ್ ಎಂಬ ಕಾದಂಬರಿಕಾರ ಅಂಚೆ ಇಲಾಖೆಯಲ್ಲಿ ಕೆಲಸದಲ್ಲಿದ್ದ. ತಪಾಸಣೆಗಾಗಿ ಊರೂರು ಅಲೆಯುತ್ತಿದ್ದಾಗ ರೈಲಿನಲ್ಲಿ ಸುಮ್ಮನೆ ಕೂರುವ ಬದಲು ತೊಡೆಯ ಮೇಲೆ ಇಟ್ಟುಕೊಳ್ಳುವಂಥ ಸಣ್ಣ ಹಲಗೆಯೊಂದನ್ನು ಮಾಡಿಕೊಂಡು, ಪೆನ್ಸಿಲಿನಲ್ಲಿ ಬರೆಯುತ್ತಿದ್ದ. 1857ರಲ್ಲಿ ಬಂದ ಅವನ ಹೆಸರಾಂತ ಕಾದಂಬರಿಯೊಂದರ ಬಹುಭಾಗ ಹಾಗೆ ರೈಲಿನಲ್ಲೇ ಬರೆದದ್ದು. ಮುಂದೆ ಮನೆಯಲ್ಲಿ ಬೆಳಗಿನ ಐದೂವರೆಗೆ ಕೂತು, ಗಡಿಯಾರ ಮುಂದಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆದ. ಅವನನ್ನು ಬೆಳಿಗ್ಗೆ ಕಾಫಿ ಕೊಟ್ಟು ಎಬ್ಬಿಸುವ ಆಳಿಗೆ ಅದಕ್ಕಾಗಿಯೇ ವರ್ಷಕ್ಕೆ 5 ಪೌಂಡ್ ಹೆಚ್ಚು ಕೊಡುತ್ತಿದ್ದ. ಒಟ್ಟು 47 ಕಾದಂಬರಿ. (ನಲವತ್ತೇಳು ಎಂದೊಡನೆ ನನಗೆ ನಮ್ಮ ಶಿವರಾಮ ಕಾರಂತರು ನೆನಪಾಗುತ್ತಾರೆ, ಅವರವೂ 47.) ರೈಲಿನಲ್ಲಿ ಅವನು ಪೆನ್ಸಿಲಿನಲ್ಲಿ ಗೀಚಿದ್ದನ್ನು ಹೆಂಡತಿ ಶುದ್ಧಪ್ರತಿ ಮಾಡುತ್ತಿದ್ದಳು. ಆ ಸಾಲಿನ ಹತ್ತಿರ ನಾನು ಸುಮಾರು ಹೊತ್ತು ನಿಂತೆ. ಕಾಫಿ ತರುವ ಒಂದು ಕೈ, ಶುದ್ಧಪ್ರತಿ ಮಾಡುವ ಇನ್ನೊಂದು ಕೈ. ದೊಡ್ಡ ಶಿಸ್ತಿನ ಕಥೆಗಳಲ್ಲೆಲ್ಲ ಇಂಥ ಕೈಗಳು ಇರುತ್ತವೆ, ಅವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾಗಿ ನನಗೆ ಆಧಾರವಾದವರು ಎಂ.ಕೆ. ಇಂದಿರಾ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದವರು, ಕಾದಂಬರಿ ಬರೆಯಲು ಕೂತಾಗ ಅವರಿಗೆ ನಲವತ್ತೈದು ವಯಸ್ಸು. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, 'ಫಣಿಯಮ್ಮ' 1976ರಲ್ಲಿ. ನನಗೀಗ ನಲವತ್ತನಾಲ್ಕು. ತಡವಾಯಿತೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಆ ನಲವತ್ತೈದನ್ನು ನೆನೆಯುತ್ತೇನೆ.

ರೈಲಿನಲ್ಲಿ ಮೊದಲು ಫೋನಿನಲ್ಲೇ ಟೈಪ್ ಮಾಡುತ್ತಿದ್ದೆ. ಬರೆಯುವ ಪರದೆಯ ಮೇಲೇ ಇನ್ಯಾರದ್ದೋ ಮೆಸೇಜು ಇಣುಕುತ್ತಿತ್ತು. ಬಾಯಲ್ಲಿ ಹೇಳಿ ಬರೆಸುವ ವಾಯ್ಸ್ ಟೈಪಿಂಗನ್ನೂ ನೋಡಿದೆ. ನನ್ನ ಪಾತ್ರಗಳು "ಒಂಟೋದ", "ಬತ್ತಾಳೆ" ಎನ್ನುವವರು. ಅವರ ಮಾತನ್ನು ಅದು ತಿದ್ದಿ ಶಿಷ್ಟ ಮಾಡಲು ಹೋಗಿ ಬೇರೇನನ್ನೋ ಬರೆಯುತ್ತಿತ್ತು. ಕೊನೆಗೆ 200 ಪುಟದ ಲಾಂಗ್ ನೋಟ್‌ಬುಕ್ಕಿಗೆ ಬಂದೆ. ಫೋನು ಬ್ಯಾಗಿನ ತಳಕ್ಕೆ, ಡಬ್ಬಿಯ ಕೆಳಗೆ.

ನನ್ನೆದುರು ದಿನಾ ಒಬ್ಬ ಅಕ್ಕ ಕೂರುತ್ತಾರೆ. ತುಮಕೂರಿನಿಂದ ಬಿಡಿ ಹೂ ತಂದು, ದಾರಿಯುದ್ದಕ್ಕೂ ಕಟ್ಟಿ, ಯಶವಂತಪುರದಲ್ಲಿ ಇಳಿದು ಮಾರುತ್ತಾರೆ. ಕನಕಾಂಬರವನ್ನು ಎರಡೆರಡಾಗಿ ಜೋಡಿಸಿ ದಾರ ಸುತ್ತುವ ಅವರ ಬೆರಳನ್ನು ನೋಡುತ್ತ ಕೂರುವುದು ನನಗೆ ಬರೆಯುವ ಮುಂಚಿನ ಧ್ಯಾನದಂತೆ. ಕೆಲವು ತಿಂಗಳು ನೋಡಿದ ಮೇಲೆ ಒಂದು ದಿನ ಅವರು ಕೇಳಿದರು.

"ಏನವ್ವ, ದಿನಾ ಬರೀತೀಯಲ್ಲ, ಆಫೀಸಿನ ಲೆಕ್ಕಾನಾ?"

"ಅಲ್ಲಕ್ಕ, ಕತೆ."

"ಯಾರ್ದು?"

"ನಮ್ಮಜ್ಜಿದು."

ಕೈ ನಿಲ್ಲಿಸದೆ, "ಏಳು ಮತ್ತೆ" ಅಂದರು.

ಫೇಸ್‌ಬುಕ್ಕಿನ ಪಾಠ ಕಲಿತಿದ್ದ ನನಗೆ ಹೇಳಲು ಅಂಜಿಕೆಯಾಯಿತು. ಆದರೂ ಅಟ್ಟದ ವಿಷಯ ಎರಡು ಮಾತಿನಲ್ಲಿ ಹೇಳಿದೆ. ಅವರು ಚೆನ್ನಾಗಿದೆ ಅನ್ನಲಿಲ್ಲ, ಕಣ್ಣು ಒರೆಸಿಕೊಳ್ಳಲಿಲ್ಲ. "ಅಟ್ಟದ ಕೆಳಗೆ ಒಲೆ ಇತ್ತಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. "ಒಗೆ ಬೇಕಲ್ಲವ್ವ ಕಾಯಿಗೆ. ಮಳೆಗಾಲ್ದಾಗೆ ಒಗೆ ಇಲ್ದಿದ್ರೆ ಕಾಯಿ ಕೊಳೆಯಾಕಿಲ್ವಾ? ನಮ್ಮತ್ತೆ ಮಟ್ಟೆ ಉರಿಸಿ ಒಗೆ ಆಕೋರು." ಆ ಸಂಜೆ ಅಮ್ಮನಿಗೆ ಫೋನು ಮಾಡಿದೆ. ಹೌದು, ಅಟ್ಟದ ಕೆಳಗೆ ಬಚ್ಚಲ ಒಲೆ ಇತ್ತಂತೆ. ನನ್ನ ಕಾದಂಬರಿಯ ಅಟ್ಟಕ್ಕೆ ಅಲ್ಲಿಯವರೆಗೆ ಹೊಗೆಯ ವಾಸನೆಯೇ ಇರಲಿಲ್ಲ. ಇಡೀ ಅಧ್ಯಾಯವನ್ನು ಮತ್ತೆ ಬರೆದೆ. ಕಣ್ಣುರಿಯುವ ಹೊಗೆಯಲ್ಲಿ ಹುಡುಕಾಡುವ ಸಿದ್ದಮ್ಮ ಬೇರೆಯೇ ಹೆಂಗಸಾದಳು.

ಆವತ್ತಿನಿಂದ ಆ ಅಕ್ಕ ದಿನಾ ಕೇಳುವುದು ಒಂದೇ: "ನಿನ್ನೆ ಅಟ್ಟ ಅತ್ತಿದ್ಲಲ್ಲ, ಇಳುದ್ಲಾ?" ಉತ್ತರ ಹೇಳಲು ನಾನು ನಿನ್ನೆ ಬಿಟ್ಟ ಜಾಗವನ್ನು ನೆನಪಿಸಿಕೊಳ್ಳಬೇಕು. ನೆನಪಿಸಿಕೊಳ್ಳುವಷ್ಟರಲ್ಲಿ ಒಳಗೆ ಹೋಗಿಬಿಟ್ಟಿರುತ್ತೇನೆ. ಮೆಚ್ಚುಗೆಗೂ ಈ ಪ್ರಶ್ನೆಗೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಹೀಗೆ. ಮೆಚ್ಚುಗೆ ಮುಗಿದದ್ದಕ್ಕೆ ಸಿಗುವುದು. "ಆಮೇಲೆ?" ಎಂದು ಕೇಳುವವರು ಮುಂದಕ್ಕೆ ನೂಕುತ್ತಾರೆ.

ಬರೆಯುವುದಕ್ಕಿಂತ ಕಷ್ಟದ್ದು ಹಿಂತಿರುಗಿ ಒಳಗೆ ಹೋಗುವುದು. ಬೆಳಿಗ್ಗೆ ಮುಕ್ಕಾಲು ಗಂಟೆ ತಿಪಟೂರಿನ ಹಳೆಯ ಮನೆಯಲ್ಲಿದ್ದು, ಆಮೇಲೆ ಇಪ್ಪತ್ತಮೂರು ಗಂಟೆ ಇಲ್ಲಿ. ಮರುದಿನ ಹೋಗುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ, ಪಾತ್ರಗಳು ಗುರುತು ಮರೆತವರಂತೆ ನೋಡುತ್ತವೆ. ಮೊದಮೊದಲು ಮುಕ್ಕಾಲು ಗಂಟೆಯಲ್ಲಿ ಅರ್ಧ ಗಂಟೆ ಬಾಗಿಲು ತಟ್ಟುವುದಕ್ಕೇ ಹೋಗುತ್ತಿತ್ತು.

ದಾರಿ ತೋರಿಸಿದ್ದು ನಮ್ಮತ್ತೆ. ಅವರು ಬರೆಯುವವರಲ್ಲ. ಒಂದು ರಾತ್ರಿ ಊಟಕ್ಕೆ ಮೊಸರು ಚೆನ್ನಾಗಿತ್ತೆಂದು ಮಗಳು ಪಾತ್ರೆಯ ತಳ ಬಳಿಯುತ್ತಿದ್ದಳು. ಅತ್ತೆ ಅವಳ ಕೈ ಹಿಡಿದು, "ಒಂದು ಚಮಚ ಬಿಡು ಪುಟ್ಟಿ, ನಾಳೆಗೆ ಹೆಪ್ಪು ಬೇಡ್ವಾ?" ಅಂದರು. ಅಮೆರಿಕದ ಕಾದಂಬರಿಕಾರ ಹೆಮಿಂಗ್ವೆ ಹೇಳಿದ್ದು ನನಗೆ ಮೊದಲೇ ಗೊತ್ತಿತ್ತು: ಮುಂದೇನು ಎಂದು ಗೊತ್ತಿರುವಾಗಲೇ ನಿಲ್ಲಿಸು, ನಾಳೆ ಅಲ್ಲಿಂದ ಹಿಡಿಯಬಹುದು. ಓದಿ, ಒಪ್ಪಿ, ಮರೆತಿದ್ದ ಮಾತು. ಅದು ನನ್ನ ಕೈಗೆ ಬಂದದ್ದು ಅತ್ತೆಯ ಮೊಸರಿನ ಪಾತ್ರೆಯಿಂದ.

ಅಂದಿನಿಂದ ಸೋಲದೇವನಹಳ್ಳಿ ಬಂದಾಗ ಸನ್ನಿವೇಶ ಮುಗಿದಿದ್ದರೂ ನಾನು ಅಲ್ಲಿಗೆ ನಿಲ್ಲಿಸುವುದಿಲ್ಲ. ಮುಂದಿನ ಸನ್ನಿವೇಶದ ಒಂದು ವಾಕ್ಯ ಶುರು ಮಾಡಿ, ನಡುವೆ ಬಿಡುತ್ತೇನೆ. "ಮೈದುನ ಬಾಗಿಲಲ್ಲಿ ನಿಂತು ಚಪ್ಪಲಿ ಬಿಡುವ ಮೊದಲೇ" ಎನ್ನುವಷ್ಟಕ್ಕೆ ಪೆನ್ನು ಮುಚ್ಚುತ್ತೇನೆ. ಇಡೀ ದಿನ ಆ ಅರ್ಧ ವಾಕ್ಯ ಒಳಗೆ ಹೆಪ್ಪುಗಟ್ಟುತ್ತಿರುತ್ತದೆ. ಲೆಡ್ಜರ್ ತಾಳೆ ಹಾಕುವಾಗ, ಸಂಜೆಯ ರೈಲಿನಲ್ಲಿ ನಿಂತುಕೊಂಡು ಬರುವಾಗ, ಚಪಾತಿ ಲಟ್ಟಿಸುವಾಗ, ಅವನು ಚಪ್ಪಲಿ ಬಿಡುವ ಮೊದಲೇ ಏನಂದ ಎಂದು ಮನಸ್ಸು ಹುಡುಕುತ್ತಿರುತ್ತದೆ. ಮರುದಿನ ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಉಳಿದರ್ಧ ಸಿದ್ಧವಾಗಿರುತ್ತದೆ. ಎಲ್ಲ ದಿನವೂ ಅಲ್ಲ. ಹುಳಿ ಬಂದ ದಿನಗಳೂ ಇವೆ, ಆಗ ಹೊಡೆದು ಹಾಕಿ ಬೇರೆ ಶುರು ಮಾಡುತ್ತೇನೆ.

ದಿನಕ್ಕೆ ಒಂದು ಪುಟ, ಒಮ್ಮೊಮ್ಮೆ ಒಂದೂವರೆ. ಸಂಜೆಯ ರೈಲಿನಲ್ಲಿ ಬರೆಯುವುದಿಲ್ಲ, ಆಗ ತಲೆ ತುಂಬಿರುತ್ತದೆ.

ನಮ್ಮ ಅಡುಗೆಮನೆಯ ಗೋಡೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಏಕಾದಶಿ, ಎಲ್ಲವೂ ಅದರಲ್ಲೇ. ಬರೆದ ದಿನ ಆ ತಾರೀಕಿನ ಮೂಲೆಯಲ್ಲಿ ಒಂದು ಚುಕ್ಕಿ ಇಡುವುದನ್ನು ರೂಢಿ ಮಾಡಿಕೊಂಡೆ. 2023ರಲ್ಲಿ ಅತ್ತೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ, ಆಸ್ಪತ್ರೆ, ಆಮೇಲೆ ಮನೆಯಲ್ಲಿ ಆರೈಕೆ. ಆರು ವಾರ ರಜೆ ಹಾಕಿದೆ. ಕ್ಯಾಲೆಂಡರಿನಲ್ಲಿ ಒಂದೂವರೆ ಹಾಳೆ ಚುಕ್ಕಿಯಿಲ್ಲದೆ ಖಾಲಿ. ರಾತ್ರಿ ಅವರನ್ನು ಎಬ್ಬಿಸಿ ಕೂರಿಸುವಾಗ, ಮೈ ಒರೆಸುವಾಗ, ಕಾದಂಬರಿ ನೆನಪಾಗುತ್ತಿತ್ತು. ಆದರೆ ಅವರು ನನ್ನ ಬರವಣಿಗೆಗೆ ಅಡ್ಡಿ ಎಂದು ಒಂದು ದಿನವೂ ಅನ್ನಿಸಲಿಲ್ಲ. ಇದನ್ನು ಒತ್ತಿ ಹೇಳಬೇಕೆನಿಸುತ್ತದೆ. ಬರೆಯುವ ಶಿಸ್ತಿನ ಬಗ್ಗೆ ಮಾತಾಡುವವರು ಮನೆಯವರನ್ನೂ ಫೋನನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಎರಡನ್ನೂ ಅಡಚಣೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅತ್ತೆಯ ಕೂಗಿಗೆ ಓಗೊಟ್ಟು ಎದ್ದ ರಾತ್ರಿಗಳಿಂದಲೇ, ಸಿದ್ದಮ್ಮ ತನ್ನ ಅತ್ತೆಯ ಕೊನೆಗಾಲದಲ್ಲಿ ಮಾಡುವ ಸೇವೆಯ ಅಧ್ಯಾಯ ಬಂತು. ಮುದುಕಿಯ ಬೆನ್ನಿನ ಚರ್ಮ ಕೈಗೆ ಹೇಗೆ ತಾಗುತ್ತದೆ ಎನ್ನುವುದು ನನಗೆ ಊಹೆಯಿಂದ ಬಂದದ್ದಲ್ಲ.

ಆರು ವಾರದ ಖಾಲಿ ಹೆದರಿಸಿತ್ತು ನಿಜ. ಆ ಹೊತ್ತಿಗೆ ಓದಿದ ಒಂದು ಅಧ್ಯಯನ ಧೈರ್ಯ ಕೊಟ್ಟಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನ ಹೊಸ ರೂಢಿ ಬೆಳೆಸಿಕೊಳ್ಳುವುದನ್ನು ಗಮನಿಸಿದ್ದರು. ರೂಢಿ ಕೂಡಿಬರಲು ಸರಾಸರಿ 66 ದಿನ. ಆದರೆ ಆ ಸರಾಸರಿಯ ಹಿಂದೆ 18 ದಿನದವರೂ 254 ದಿನದವರೂ ಇದ್ದರು. ನಡುವೆ ಒಂದು ದಿನ ತಪ್ಪಿದರೆ ರೂಢಿಯೇನೂ ಮುರಿದುಬೀಳಲಿಲ್ಲ. ನನ್ನದು ಒಂದು ದಿನವಲ್ಲ, ನಲವತ್ತು ದಿನ. ಆದರೂ ರೈಲು ಹತ್ತಿ, ಡಬ್ಬಿಯ ಮೇಲೆ ನೋಟ್‌ಬುಕ್ ಇಟ್ಟಾಗ, ಕೈಗೆ ಕೆಲಸ ನೆನಪಿತ್ತು. ಹೂವಿನ ಅಕ್ಕ ಮೊದಲು ಕೇಳಿದ್ದು ಅತ್ತೆಯ ಸೊಂಟದ ಬಗ್ಗೆ. ಆಮೇಲೆ ಸಿದ್ದಮ್ಮನ ಬಗ್ಗೆ.

ಆಫೀಸಿನ ಆ ಹುಡುಗಿಗೆ ನಾನು ಈಗ ಹೇಳುವುದಿಷ್ಟು. ನಿನ್ನ ದಿನದಲ್ಲಿ ರೈಲಿಲ್ಲದಿರಬಹುದು. ಆದರೆ ಒಂದು ವಾರ ಏನನ್ನೂ ಬದಲಾಯಿಸದೆ ಸುಮ್ಮನೆ ಗಮನಿಸು, ನಿನ್ನ ಪಾತ್ರಗಳು ತಾವಾಗಿ ಯಾವಾಗ ಮಾತಾಡುತ್ತವೆ ಎಂದು. ಬಟ್ಟೆ ಒಣಗಿಸುವಾಗಲೋ, ಆಫೀಸಿಗೆ ನಡೆಯುವಾಗಲೋ, ಪಿ.ಜಿ.ಯ ಮಹಡಿಯ ಮೇಲೋ. ಆ ಹೊತ್ತಿನ ಪಕ್ಕದಲ್ಲೇ ನಿನ್ನ ನೋಟ್‌ಬುಕ್ ಇಡು. ಮೂರು ಅಧ್ಯಾಯವನ್ನು ಸದ್ಯಕ್ಕೆ ಯಾರಿಗೂ ಕಳಿಸಬೇಡ, ನನಗೂ ಬೇಡ. ನಾನು "ಆಮೇಲೆ?" ಎಂದಷ್ಟೇ ಕೇಳುತ್ತಿರುತ್ತೇನೆ.

ಈಗ ನಾಲ್ಕನೆಯ ನೋಟ್‌ಬುಕ್ ನಡೆಯುತ್ತಿದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ವಾರದ ಪುಟಗಳನ್ನು ಕಂಪ್ಯೂಟರಿಗೆ ಏರಿಸುತ್ತೇನೆ. ರೈಲಿನ ಕುಲುಕಾಟದಲ್ಲಿ ಬರೆದ ಅಕ್ಷರ ಕೆಲವೊಮ್ಮೆ ನನಗೇ ಓದಲು ಬರುವುದಿಲ್ಲ. ಎಸ್‌ಎಸ್‌ಎಲ್‌ಸಿ ಓದುತ್ತಿರುವ ಮಗಳು ಅರ್ಧ ಗಂಟೆ ಪಕ್ಕದಲ್ಲಿ ಕೂತು ಜೋರಾಗಿ ಓದಿ ಹೇಳುತ್ತಾಳೆ, ನಾನು ಟೈಪ್ ಮಾಡುತ್ತೇನೆ. ಕಳೆದ ಭಾನುವಾರ ಒಂದು ಕಡೆ ನಿಂತಳು.

"'ಕಾಯಿಯನ್ನು ಕಿವಿಯ ಹತ್ತಿರ ಹಿಡಿದು' ಅಂತಿದೆ. ಆಮೇಲಿನ ಪದ ಗೊತ್ತಾಗ್ತಿಲ್ಲಮ್ಮ. 'ಅಲ್ಲಾಡಿಸಿದಳು' ಅನ್ನೋದಕ್ಕೆ ಮುಂಚೆ."

ನಾನೂ ಬಗ್ಗಿ ನೋಡಿದೆ. ರೈಲು ಹಳಿ ಬದಲಿಸಿದ ಜಾಗವಿರಬೇಕು, 'ಮ' ಬಿಟ್ಟರೆ ಉಳಿದದ್ದೆಲ್ಲ ಗೀರು. "ಮೆಲ್ಲಗೆ ಅಂತ ಬರೆದಿರಬೇಕು" ಅಂದೆ.

ಅವಳು ಹಿಂದಿನ ಎರಡು ಸಾಲನ್ನು ಮತ್ತೊಮ್ಮೆ ಓದಿಕೊಂಡಳು.

"ಮತ್ತೊಮ್ಮೆ ಅಂತ ಹಾಕಮ್ಮ. ಮೊದಲನೇ ಸಲ ಕೇಳಿಸಿದ್ದನ್ನ ಅವಳು ನಂಬಿರಲ್ಲ."

ಮತ್ತೊಮ್ಮೆ ಅಂತಲೇ ಟೈಪ್ ಮಾಡಿದೆ.